ಮರದ ಲೆಕ್ಕ, ಮರದ ಚಿತ್ರ



ಆಳಂದ, ಅಫಜಲಪುರ, ಜೇವರ್ಗಿಗಳ ಶಾಲೆಗಳಲ್ಲಿ ನಾನು ಬಹುಕಾಲ ಚಿತ್ರಕಲೆ ಕಲಿಸಿದವನು. ‘ನಿಮ್ಮ ಊರಿನ ಚಿತ್ರ ಬರೆಯಿರಿ’ ಎಂದರೆ ಮಕ್ಕಳು ಎರಡು ಬೆಟ್ಟ, ನಡುವೆ ಉದಯಸೂರ್ಯ, ಬದಿಗೊಂದು ತೆಂಗಿನ ಮರ ಬರೆಯುತ್ತಿದ್ದರು. ಭೀಮಾತೀರದ ಈ ಎರೆಬಯಲಿನಲ್ಲಿ ಅಂಥ ಬೆಟ್ಟವೆಲ್ಲಿ? ಕಿಟಕಿಯಾಚೆಗಿನ ಬೇವು ಮಾತ್ರ ಯಾರ ಹಾಳೆಗೂ ಇಳಿಯುತ್ತಿರಲಿಲ್ಲ.

ಪರಿಸರವೆಂದರೆ ಕಾಡು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಊರೂ ಒಂದು ಜೀವಲೋಕವೇ. ಅದರ ಮರ, ನೀರು, ಹಕ್ಕಿ, ಮನುಷ್ಯರ ಪರಸ್ಪರ ಸಂಬಂಧವನ್ನು ಅರಸುವುದೇ ನಗರ ಪರಿಸರ ವಿಜ್ಞಾನ. ಬೆಂಗಳೂರಿನ ಬೀದಿಮರಗಳನ್ನು ಕುರಿತು ಹರಿಣಿ ನಾಗೇಂದ್ರ ಮತ್ತು ಅವರ ಸಂಗಡಿಗರು ನಡೆಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಮಧ್ಯಾಹ್ನದ ಹೊತ್ತು ಮರಗಳ ನೆರಳಿರುವೆಡೆ ಗಾಳಿಯ ಉಷ್ಣತೆ 5.6 ಡಿಗ್ರಿಯವರೆಗೂ, ರಸ್ತೆಯ ಮೈಯ ಬಿಸಿ 27.5 ಡಿಗ್ರಿಯವರೆಗೂ ಕಡಿಮೆಯಿದ್ದುದನ್ನು ಅವರು ಕಂಡರು. ಬೇಸಿಗೆ 40 ಡಿಗ್ರಿ ದಾಟುವ ನಮ್ಮ ಸೀಮೆಗೆ ಈ ಅಂಕಿಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಬೆಂಗಳೂರಿನಲ್ಲಿ ಮರಗಳು ಕಲೆಯೂ ಆಗಿದ್ದವು. 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನ್ ಸಸ್ಯತಜ್ಞ ಕ್ರುಂಬಿಗಲ್, ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಮತ್ತೊಂದು ಅರಳುವಂತೆ ಬೀದಿಮರಗಳನ್ನು ಆರಿಸಿದರು. ವರುಷವಿಡೀ ಬಣ್ಣ ಬದಲಿಸುವ ಚಿತ್ರವೊಂದನ್ನು ನಗರದ ಮೇಲೆ ಬರೆದಂತಾಯಿತು.

ನಮ್ಮ ಊರುಗಳ ಚಿತ್ರವನ್ನು ಬರೆದವರು ಹೆಸರಿಲ್ಲದ ಜನ. ಆಳಂದದ ಸೀಮೆಯ ಅಮರ್ಜಾ ನದಿ ಭೀಮೆಯನ್ನು ಕೂಡುವ ಗಾಣಗಾಪುರದಲ್ಲಿ ಔದುಂಬರವನ್ನು ಭಕ್ತಿ ಕಾಯ್ದಿದೆ. ಕಟ್ಟೆ ಕಟ್ಟಿಸಿಕೊಂಡ ಅರಳಿಗೆ ಕೊಡಲಿ ಅಂಜುತ್ತದೆ. ಆದರೆ ಕಟ್ಟೆಯಿಲ್ಲದ ಬೇವಿಗೆ, ಹುಣಸೆಗೆ ಯಾರು ದಿಕ್ಕು?

ಈ ಮೂರು ಊರುಗಳಲ್ಲೊಂದರಲ್ಲಿ, ನಮ್ಮ ಶಾಲೆಯ ಮುಂದಿನ ರಸ್ತೆಯನ್ನು ಅಗಲಿಸುವಾಗ ಹಳೆಯ ಬೇವೊಂದನ್ನು ಕಡಿದರು. ನಾನು ನೋಡುತ್ತ ನಿಂತೆ. ಒಂದು ಮಾತನ್ನೂ ಆಡಲಿಲ್ಲ. ಮುಂದೆ, ಅಲ್ಲಿ ದೊಡ್ಡ ಮರವೇ ಇರಲಿಲ್ಲವೆಂದು ಹಿರಿಯರೊಬ್ಬರು ವಾದಿಸಿದಾಗ ತೋರಿಸಲು ನನ್ನಲ್ಲಿದ್ದುದು ಒಬ್ಬ ವಿದ್ಯಾರ್ಥಿನಿಯ ಚಿತ್ರವೊಂದೇ. ಬೆಟ್ಟ ಬೇಡ, ಕೂತ ನೆರಳನ್ನು ಬರೆಯಿರಿ ಎಂದು ನಾನೊಮ್ಮೆ ಹೇಳಿದಾಗ ಬರೆದದ್ದು. ಅದರಲ್ಲಿ ಬೇವಿನ ಕೆಳಗೆ ಅರವಟಿಗೆಯ ಗಡಿಗೆ, ಬಳೆಗಾರ್ತಿ, ಎರಡು ಆಡುಗಳು. ಎಷ್ಟು ಜೀವಗಳಿಗೆ ಆ ನೆರಳು ಮನೆಯಾಗಿತ್ತೆಂಬುದಕ್ಕೆ ಅದೇ ಸಾಕ್ಷಿ. ಮರದ ಸುತ್ತಳತೆಯನ್ನು ಮಾತ್ರ ಯಾರೂ ಬರೆದಿಟ್ಟಿರಲಿಲ್ಲ.

ಆದುದರಿಂದ ನನ್ನದೊಂದು ವಿನಂತಿ. ಪ್ರತಿ ಶಾಲೆಯೂ ತನ್ನ ಬೀದಿಯ ಮರಗಳನ್ನು ಎಣಿಸಲಿ. ಎದೆಮಟ್ಟದಲ್ಲಿ ನೂಲು ಸುತ್ತಿ ಅಳೆಯಲಿ. ನಡುಹಗಲ ನೆರಳನ್ನು ಹೆಜ್ಜೆಯಿಂದ ಗುರುತಿಸಲಿ. ಆ ನೆರಳಲ್ಲಿ ಕೂತವರನ್ನು ಚಿತ್ರಿಸಲಿ. ಅಳತೆಯಿಲ್ಲದ ಚಿತ್ರವನ್ನು ಕಚೇರಿ ನಂಬದು. ಚಿತ್ರವಿಲ್ಲದ ಅಳತೆ ಜನರ ಮನಸ್ಸನ್ನು ಮುಟ್ಟದು. ಎರಡೂ ಕೈಯಲ್ಲಿದ್ದರೆ, ಮುಂದಿನ ಮರದ ಬುಡದಲ್ಲಿ ನನ್ನಂಥ ಮೇಷ್ಟ್ರು ಬಾಯಿಲ್ಲದವನಾಗಿ ನಿಲ್ಲಬೇಕಾಗದು.