ಲಂಟಾನದ ಗುರುತು



ಬೇಲಿಗಳಲ್ಲಿ ಹೂಬಿಟ್ಟು ನಿಂತ ಲಂಟಾನವನ್ನು ನಾವೆಲ್ಲರೂ ಬಲ್ಲೆವು. ಹೂವಿಲ್ಲದಾಗ ಗುರುತಿಸಬಲ್ಲವರು ವಿರಳ. ಅಮೆರಿಕದ ಉಷ್ಣವಲಯದ ಈ ಪೊದೆ, ಅಲಂಕಾರಕ್ಕೆಂದು 19ನೆಯ ಶತಮಾನದ ಆದಿಯಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದಿತು. ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಕಾಡನ್ನೂ ಆಕ್ರಮಿಸಿದೆ.

ಮಳೆಗಾಲದಲ್ಲಿ ಎಲೆಯನ್ನು ನೋಡತಕ್ಕದ್ದು: ಎದುರುಬದುರಾದ ಜೋಡಿಗಳು, ಗರಗಸದಂಥ ಅಂಚು, ಒರಟು ಮೈ, ಹೊಸಕಿದರೆ ಕಟುವಾದ ವಾಸನೆ. ಗೊಂಚಲಿನಲ್ಲಿ ಅಂಚಿನ ಹೂಗಳು ಮೊದಲು ಅರಳಿ ಬಣ್ಣ ಬದಲಿಸುವುದರಿಂದ, ಹಲವು ಗಿಡಗಳಲ್ಲಿ ನಡುವೆ ಹಳದಿ, ಸುತ್ತಲೂ ಕೆಂಪು ಕಾಣುವುದು. ಬಳಿಕ ಹಸಿರು ಕಾಯಿಗಳು ಮಾಗಿ ಕಪ್ಪಾಗುತ್ತವೆ. ಪಿಕಳಾರ ಮೊದಲಾದ ಹಕ್ಕಿಗಳು ಅವನ್ನುಂಡು ಬೀಜವನ್ನು ದೂರ ಬಿತ್ತುತ್ತವೆ. ಬೇಸಗೆಯಲ್ಲಿ ಎಲೆ ಉದುರಿದರೆ ರೆಂಬೆಯೇ ಸಾಕ್ಷಿ: ಎಳೆಯ ರೆಂಬೆಗೆ ನಾಲ್ಕು ಮೂಲೆ, ಮೈಮೇಲೆ ಬಾಗಿದ ಮುಳ್ಳು.

ಇದು ದಟ್ಟವಾದೆಡೆ ಹುಲ್ಲು ಸೊರಗುವುದು. ಮೇವಿಲ್ಲದೆ ಇದನ್ನೇ ಮೇದ ದನಕ್ಕೆ ಕಾಮಾಲೆ ತಗಲುವುದು. ಕೊಂಬೆ ಸವರಿದರೆ ಸಾಲದು, ಬುಡ ಮತ್ತೆ ಚಿಗುರುತ್ತದೆ; ಕಾಯಿ ಮಾಗುವ ಮುನ್ನವೇ ಬೇರುಸಹಿತ ಕೀಳಬೇಕು. ಅಂಗಳದ ಶೋಭೆಗೆಂದು ನಾವು ಉಳಿಸಿದ ಒಂದು ಗಿಡದ ಬೀಜವನ್ನು ಹಕ್ಕಿ ಒಯ್ದರೆ, ಅದರ ಬೆಲೆಯನ್ನು ಊರಾಚೆಯ ಹಸು ತೆರಬೇಕಾದೀತು.