ಗಿರಾಕಿಯೇ ನಮ್ಮೂರಿಗೆ ಬರುವ ರಫ್ತು

(ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಒಂದು ಪ್ರಶ್ನೆಯೊಂದಿಗೆ ಮಾತು ಆರಂಭಿಸುತ್ತೇನೆ. ಬೀದರ್ ಕೋಟೆಯನ್ನು ರಫ್ತು ಮಾಡಲು ಸಾಧ್ಯವೇ? ತೊಗರಿಯನ್ನು ಲಾರಿಯಲ್ಲಿ ತುಂಬಿ ಕಳುಹಿಸಬಹುದು, ಬಿದ್ರಿ ಹೂದಾನಿಯನ್ನು ಪೆಟ್ಟಿಗೆಯಲ್ಲಿಟ್ಟು ಕಳುಹಿಸಬಹುದು. ಕೋಟೆಯನ್ನು ಕಳುಹಿಸಲಾಗದು. ಆದರೆ ವಿದೇಶಿಯೊಬ್ಬರು ಬಂದು ಅದನ್ನು ನೋಡಿ, ಇಲ್ಲಿಯೇ ಉಂಡು, ತಂಗಿ ಹಣ ಕೊಟ್ಟರೆ ಅರ್ಥಶಾಸ್ತ್ರದ ಲೆಕ್ಕದಲ್ಲಿ ಅದೂ ರಫ್ತೇ. ಇದನ್ನು ಅದೃಶ್ಯ ರಫ್ತು ಎನ್ನುತ್ತಾರೆ. 1995ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಸೇವಾ ವ್ಯಾಪಾರ ಒಪ್ಪಂದವು ಇಂತಹ ವ್ಯಾಪಾರವನ್ನು ನಾಲ್ಕು ವಿಧಗಳಾಗಿ ವಿಂಗಡಿಸಿದೆ. ಗ್ರಾಹಕರೇ ಬೇರೆ ದೇಶಕ್ಕೆ ಹೋಗಿ ಸೇವೆ ಪಡೆಯುವುದು ಎರಡನೆಯ ವಿಧ.

ಇದು ನಮಗೆ ಹೊಸದಲ್ಲ. 1470ರ ಆಸುಪಾಸಿನಲ್ಲಿ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಮಾರಾಟಕ್ಕೆಂದು ಕುದುರೆಯೊಂದನ್ನು ತಂದು ಬೀದರ್‌ನಲ್ಲಿ ತಂಗಿದ್ದ. ಕುದುರೆಗೆ ಮೇವು, ತನಗೆ ಅನ್ನ, ಇರಲು ಜಾಗ, ಎಲ್ಲಕ್ಕೂ ಅವನು ಇಲ್ಲಿಯೇ ಹಣ ಕೊಡಬೇಕಿತ್ತು. ಇರಾನಿನ ಗಿಲಾನ್‌ನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಮಹಮೂದ್ ಗವಾನ್ 1472ರಲ್ಲಿ ಮದರಸಾ ಕಟ್ಟಿಸಿ ದೂರದ ವಿದ್ವಾಂಸರನ್ನು ಕರೆಸಿದರು.

ಹಾಗಾದರೆ ಯಾವ ಊರು ಯಾವ ಸೇವೆಯನ್ನು ಮಾರಬೇಕು? 1817ರಲ್ಲಿ ಡೇವಿಡ್ ರಿಕಾರ್ಡೊ ತುಲನಾತ್ಮಕ ವೆಚ್ಚ ಸಿದ್ಧಾಂತದಲ್ಲಿ ಇದಕ್ಕೆ ಉತ್ತರ ಕೊಟ್ಟರು. ಹೈದರಾಬಾದ್ ಎಲ್ಲದರಲ್ಲಿಯೂ ನಮಗಿಂತ ಮುಂದಿರಬಹುದು. ಆದರೂ ಇತರ ಕೆಲಸವನ್ನು ಅತಿ ಕಡಿಮೆ ತ್ಯಾಗ ಮಾಡಿ ನಾವು ಯಾವುದನ್ನು ಕೊಡಬಲ್ಲೆವೋ ಅದರಲ್ಲಿ ನಮಗೆ ಸ್ಥಾನವಿದೆ. ಸ್ವೀಡನ್ನಿನ ಹೆಕ್ಷರ್ ಮತ್ತು ಓಹ್ಲಿನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಯಾವ ಉತ್ಪಾದನಾಂಗ ಹೇರಳವಾಗಿದೆಯೋ ಅದನ್ನು ಹೆಚ್ಚು ಬಳಸುವ ಸರಕನ್ನು ದೇಶ ರಫ್ತು ಮಾಡುತ್ತದೆ ಎಂದರು. ನಮ್ಮಲ್ಲಿ ಹೇರಳವಾಗಿರುವುದೇನು? ಕೋಟೆ, ಅಷ್ಟೂರಿನ ಗುಮ್ಮಟಗಳು, ನೌಬಾದಿನ ಸುರಂಗ ನೀರಿನ ವ್ಯವಸ್ಥೆ. ಇವನ್ನು ಬೇರೆಲ್ಲಿಯೂ ತಯಾರಿಸಲಾಗದು. ದಖ್ಖನ್ ಸುಲ್ತಾನರ ಸ್ಮಾರಕಗಳ ಭಾಗವಾಗಿ ಬೀದರ್ 2014ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು.

ಆದರೆ ಕಲ್ಲು ತಾನಾಗಿ ಸೇವೆ ಕೊಡುವುದಿಲ್ಲ, ಮಾತನಾಡುವುದಿಲ್ಲ. ಅದು ಕಚ್ಚಾವಸ್ತು ಮಾತ್ರ. ಅದನ್ನು ಸೇವೆಯಾಗಿಸುವುದು ಮನುಷ್ಯನ ಕೌಶಲ. ಸ್ವೀಡನ್ನಿನವರೇ ಆದ ಲಿಂಡರ್ 1961ರಲ್ಲಿ ಹೇಳಿದ್ದು ಇಲ್ಲಿ ನೆನಪಾಗುತ್ತದೆ: ಸ್ವದೇಶಿ ಬೇಡಿಕೆಯಲ್ಲಿ ಪಳಗಿದ ವಸ್ತುವೇ ಹೊರದೇಶದಲ್ಲಿಯೂ ಮಾರಾಟವಾಗುತ್ತದೆ. ನಾನಕ್ ಝೀರಾಕ್ಕೆ ದೇಶದ ನಾನಾ ಕಡೆಗಳಿಂದ ಯಾತ್ರಿಕರು ಬರುತ್ತಾರೆ. ಅವರಿಗೆ ಶುಚಿಯಾದ ಕೋಣೆ, ನ್ಯಾಯವಾದ ಆಟೋ ದರ, ಸರಿಯಾದ ಮಾಹಿತಿ ಕೊಡಲು ಕಲಿತರೆ ವಿದೇಶಿಯರಿಗೂ ಕೊಡಬಲ್ಲೆವು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಸಿದ್ಧಾಂತಗಳು ದೇಶಕ್ಕೆ ಲಾಭವೆನ್ನುತ್ತವೆ. ಜಿಲ್ಲೆಗೆ ಲಾಭ ಎನ್ನುವುದಿಲ್ಲ. ಪ್ರವಾಸಿಯೊಬ್ಬರು ಒಂದು ದಿನಕ್ಕೆ 5,000 ರೂಪಾಯಿ ಖರ್ಚು ಮಾಡುತ್ತಾರೆಂದು ಇಟ್ಟುಕೊಳ್ಳಿ. ಕಾರು, ಹೋಟೆಲು, ಗೈಡು ಎಲ್ಲ ಹೈದರಾಬಾದಿನದೇ ಆದರೆ ಬೀದರ್‌ಗೆ ದಕ್ಕುವುದು ಒಂದು ಕಪ್ ಚಹಾದ ಹಣ. ಭಾರತದ ಲೆಕ್ಕದಲ್ಲಿ 5,000 ರೂಪಾಯಿ ರಫ್ತು. ನಮ್ಮ ಲೆಕ್ಕದಲ್ಲಿ 10 ರೂಪಾಯಿ. ಇದನ್ನೇ ಸೋರಿಕೆ ಎನ್ನುತ್ತಾರೆ. ಅದೇ ಪ್ರವಾಸಿ ಇಲ್ಲಿ ಒಂದು ರಾತ್ರಿ ತಂಗಿದರೆ? ಆ ಹೋಟೆಲಿಗೆ ಹಾಲು ಭಾಲ್ಕಿಯ ರೈತನ ದೇವಣಿ ಹಸುವಿನದಾದರೆ, ಬೇಳೆ ಔರಾದಿನದಾದರೆ, ಸ್ಮಾರಕವಿಲ್ಲದ ಹಳ್ಳಿಗೂ ರಫ್ತಿನ ಪಾಲು ಸಿಗುತ್ತದೆ. ಒಂದು ರೂಪಾಯಿ ಊರೊಳಗೇ ಹಲವು ಕೈ ದಾಟುವುದನ್ನು ಗುಣಕ ಎನ್ನುತ್ತಾರೆ.

ಬಿದ್ರಿ ಕಲೆ ನೋಡಿ. ಸತು ಮತ್ತು ತಾಮ್ರದ ಎರಕ, ಬೆಳ್ಳಿಯ ಕುಸುರಿ, ಕಪ್ಪು ಬಣ್ಣಕ್ಕೆ ಕೋಟೆಯ ಮಣ್ಣು. 2023ರಲ್ಲಿ ಈ ಕಲೆಯ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಪ್ರವಾಸಿ ನೇರವಾಗಿ ಕುಶಲಕರ್ಮಿಯ ಅಂಗಡಿಯಲ್ಲಿಯೇ ಕೊಂಡರೆ ಸಾಗಣೆ ವೆಚ್ಚವೂ ಇಲ್ಲ, ದಲ್ಲಾಳಿಯೂ ಇಲ್ಲ.

ಒಂದು ಎಚ್ಚರಿಕೆಯೂ ಬೇಕು. 2020ರ ಕೊರೋನಾ ವರ್ಷದಲ್ಲಿ ಜಗತ್ತಿನ ವಿದೇಶಿ ಪ್ರವಾಸಿಗರ ಸಂಖ್ಯೆ ಶೇ. 70ಕ್ಕಿಂತ ಹೆಚ್ಚು ಕುಸಿಯಿತು. ಆದ್ದರಿಂದ ಹೊಲ ಮಾರಿ ಹೋಟೆಲು ಕಟ್ಟಿ ಎಂದು ನಾನು ಹೇಳುವುದಿಲ್ಲ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ಮನೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ತೆಲುಗು ಮಾತನಾಡುತ್ತೀರಿ. ಇದು ನಿಮ್ಮ ಹೇರಳವಾದ ಉತ್ಪಾದನಾಂಗ. ಇದಕ್ಕೆ ಇಂಗ್ಲಿಷನ್ನೋ ಇನ್ನೊಂದು ವಿದೇಶಿ ಭಾಷೆಯನ್ನೋ ಸೇರಿಸಿರಿ. ನಿಮ್ಮೂರಿನ ಇತಿಹಾಸವನ್ನು ಕಟ್ಟುಕಥೆ ಬೆರೆಸದೆ ಓದಿರಿ. ಲೆಕ್ಕ ಇಡುವುದನ್ನು ಕಲಿಯಿರಿ. ಕೆಲಸ ಹುಡುಕಿ ಹೈದರಾಬಾದ್, ಪುಣೆಗೆ ಹೋಗುವ ಬಸ್ಸು ದಿನವೂ ಇದೆ. ಆ ಬಸ್ಸಿನಲ್ಲಿ ನಮ್ಮ ಮಕ್ಕಳು ಹೋಗಬೇಕೋ, ಅದರಲ್ಲಿ ಬಂದಿಳಿಯುವ ಅತಿಥಿಯನ್ನು ಇಲ್ಲಿಯೇ ಇದ್ದು ಬರಮಾಡಿಕೊಳ್ಳಬೇಕೋ ಎಂಬುದು ನಿಮ್ಮ ಕೈಯಲ್ಲಿದೆ.