ಮೂವರು ದೇವರು, ಮುಚ್ಚಿಟ್ಟ ಗ್ರಂಥಗಳು
(ಸಂಘದ ವಾಚನಾಲಯದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಇಂದು ನಾನು ಮಾತನಾಡಲಿರುವ ಮತಕ್ಕೆ ಗುಡಿಗಳಿವೆ, ಯಾತ್ರಾಸ್ಥಳಗಳಿವೆ, ದೊಡ್ಡ ಗ್ರಂಥರಾಶಿಯಿದೆ, ಭಿನ್ನಮತೀಯರನ್ನು ಕೂಡಿಹಾಕಲು ಸೆರೆಮನೆಯೂ ಇದೆ. ಆದರೆ ಇವೆಲ್ಲ ಇರುವುದು ಒಂದು ಕಂಪ್ಯೂಟರ್ ಆಟದೊಳಗೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬೆಥೆಸ್ಡಾ ಸಂಸ್ಥೆ ೨೦೦೨ರಲ್ಲಿ ಹೊರತಂದ ಆ ಆಟದ ಹೆಸರು ‘ಮೊರೋವಿಂಡ್’. ಅದು ‘ಎಲ್ಡರ್ ಸ್ಕ್ರೋಲ್ಸ್’ ಸರಣಿಯ ಮೂರನೆಯ ಆಟ. ಮಕ್ಕಳಾಟದ ದೇವರುಗಳಿಗೆ ಸಂಘದ ವೇದಿಕೆಯೇ ಎಂದು ಹಿರಿಯರು ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. ನನ್ನ ಸಮಾಧಾನ ಇಷ್ಟು: ವಲಸೆ ಹೋದ ಜನಸಮುದಾಯವೊಂದು ತನ್ನ ಮೂಲದ ಕಥೆಯನ್ನು ಹೇಗೆ ಕಟ್ಟಿಕೊಳ್ಳುತ್ತದೆ, ಅದರಿಂದ ಏನನ್ನು ಬಿಡುತ್ತದೆ, ಬಿಟ್ಟದ್ದನ್ನು ಎತ್ತಿ ತೋರಿಸಿದವರನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು ಈ ಆಟ ನಿಷ್ಠುರವಾಗಿ ಶೋಧಿಸಿದೆ. ಹೊರನಾಡಿನಲ್ಲಿ ಬದುಕು ಕಟ್ಟಿಕೊಂಡ ನಮಗೆ ಈ ವಿಚಾರ ಪರಕೀಯವಲ್ಲ.

ಕಥೆ ಆರಂಭವಾಗುವುದೇ ಒಂದು ವಲಸೆಯಿಂದ. ವೆಲೋತ್ ಎಂಬ ಪ್ರವಾದಿ ಪಶ್ಚಿಮದ ದ್ವೀಪನಾಡನ್ನು ತೊರೆದು, ಅಲ್ಲಿನ ರೀತಿನೀತಿಗಳನ್ನು ಒಪ್ಪದ ಜನರನ್ನು ಕರೆದುಕೊಂಡು, ಖಂಡವನ್ನೇ ದಾಟಿ ಈಶಾನ್ಯದ ಬೂದಿಬೆಟ್ಟಗಳ ಸೀಮೆಗೆ ಬರುತ್ತಾನೆ. ಅವರಿಗೆ ಚೈಮರ್ ಎಂದು ಹೆಸರು. ಅವರು ಹಳೆಯ ನಾಡಿನ ದೇವರುಗಳನ್ನು ಬಿಟ್ಟು ಅಜುರಾ, ಬೊಎಥಿಯಾ, ಮೆಫಾಲಾ ಎಂಬ ಮೂರು ಉಗ್ರಶಕ್ತಿಗಳನ್ನು ನಂಬಿದರು. ಜೊತೆಗೆ ತಮ್ಮ ಸತ್ತ ಹಿರಿಯರನ್ನು ಪೂಜಿಸಿದರು. ಕೆಲವರು ನಗರಗಳನ್ನು ಕಟ್ಟಿ ಮಹಾಮನೆತನಗಳಾದರು, ಕೆಲವರು ಡೇರೆ ಹಾಕಿಕೊಂಡು ದನಗಾಹಿಗಳಾಗಿ ಬೂದಿಬಯಲಿನಲ್ಲೇ ಉಳಿದರು. ಈ ಎರಡನೆಯವರನ್ನು ನೆನಪಿಡಿ.

ಆ ನೆಲದಲ್ಲಿ ಡ್ವೆಮರ್ ಎಂಬ ಇನ್ನೊಂದು ಜನಾಂಗವಿತ್ತು. ದೇವರನ್ನು ನಂಬದ, ತರ್ಕವನ್ನೂ ಯಂತ್ರವನ್ನೂ ನಂಬಿದ ಜನ. ಚೈಮರ್ ನಾಯಕ ನೆರೆವಾರ್ ಅವರ ದೊರೆಯೊಡನೆ ಸ್ನೇಹ ಬೆಳೆಸಿ, ಇಬ್ಬರೂ ಕೂಡಿ ಉತ್ತರದ ಆಕ್ರಮಣಕಾರರನ್ನು ಓಡಿಸಿದರು. ಮುಂದೆ ಕೆಂಪು ಬೆಟ್ಟದ ಅಡಿಯಲ್ಲಿ ಡ್ವೆಮರರಿಗೆ ಸತ್ತ ದೇವರೊಬ್ಬನ ಹೃದಯ ಸಿಕ್ಕಿತು. ಅದರಿಂದ ಶಕ್ತಿ ಹೀರಿ ಲೋಹದ ದೇವರನ್ನು ನಿರ್ಮಿಸಲು ಹೊರಟರು. ಯುದ್ಧವಾಯಿತು. ಪ್ರಥಮ ಯುಗದ ೭೦೦ನೆಯ ವರ್ಷದಲ್ಲಿ, ಒಬ್ಬನನ್ನು ಬಿಟ್ಟು, ಇಡೀ ಡ್ವೆಮರ್ ಜನಾಂಗ ಮಾಯವಾಯಿತು, ನೆರೆವಾರನೂ ಸತ್ತ.

ಹೇಗೆ ಸತ್ತ? ಇಡೀ ಮತದ ಮರ್ಮ ಈ ಒಂದು ಪ್ರಶ್ನೆಯಲ್ಲಿದೆ.

ದೇವಾಲಯದ ಅಧಿಕೃತ ಗ್ರಂಥದ ಪ್ರಕಾರ ಅವನು ಯುದ್ಧದ ಗಾಯಗಳಿಂದ ಸತ್ತ. ಅವನ ಪತ್ನಿ ಅಲ್ಮಲೆಕ್ಸಿಯಾ, ಮಂತ್ರಿಗಳಾದ ಸೋಥಾ ಸಿಲ್ ಮತ್ತು ವಿವೆಕ್ ತಮ್ಮ ಸದ್ಗುಣ, ಜ್ಞಾನಗಳ ಬಲದಿಂದ ದೇವರಾದರು. ಈ ಮೂವರೇ ‘ಟ್ರಿಬ್ಯೂನಲ್’. (ಕಾವೇರಿಯ ದೆಸೆಯಿಂದ ನಮಗೆ ಚಿರಪರಿಚಿತವಾದ ಶಬ್ದ!) ಬೂದಿಬಯಲಿನ ದನಗಾಹಿಗಳು ಹೇಳುವ ಕಥೆಯೇ ಬೇರೆ. ಆ ಹೃದಯದ ಉಪಕರಣಗಳನ್ನು ಎಂದೂ ಬಳಸುವುದಿಲ್ಲವೆಂದು ನೆರೆವಾರ್ ಮೂವರಿಂದಲೂ ಅಜುರಾಳ ಹೆಸರಿನಲ್ಲಿ ಆಣೆ ಮಾಡಿಸಿದ್ದ. ಅವರು ಅವನನ್ನು ಕೊಂದು, ಆಣೆ ಮುರಿದು, ಅದೇ ಉಪಕರಣಗಳಿಂದ ದೈವತ್ವವನ್ನು ಕದ್ದರು. ಅಜುರಾ ಶಪಿಸಿದಳು. ಹೊಂಬಣ್ಣದ ಚೈಮರರ ಮೈ ಬೂದಿಯಾಯಿತು, ಕಣ್ಣು ಕೆಂಪಾಯಿತು; ಅಂದಿನಿಂದ ಅವರು ಡನ್ಮರ್. ಇದು ಶಾಪವಲ್ಲ, ನೀವು ಆಯ್ದ ಜನ ಎಂಬುದರ ಗುರುತು ಎಂದು ಸೋಥಾ ಸಿಲ್ ಜನರನ್ನು ಸಂತೈಸಿದನಂತೆ. ರಾಜಕಾರಣ ಬಲ್ಲವರಿಗೆ ಈ ಜಾಣತನ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟನ್ನೇ ಕೇಳಿ ಮೂವರನ್ನೂ ವಂಚಕರೆಂದು ತಳ್ಳಿಹಾಕುವುದು ಸುಲಭ. ಆಟದ ಕರ್ತೃಗಳು ಆ ಸುಲಭದ ದಾರಿಯನ್ನು ಹಿಡಿದಿಲ್ಲ. ಕುಮ್ಮು ಎಂಬಲ್ಲಿ ಒಬ್ಬ ಬಡ ರೈತ ದುಡಿಯುವ ಪ್ರಾಣಿ ಸತ್ತು, ಬೆಳೆಯನ್ನು ಮನೆಗೆ ತರಲಾರದೆ ಕುಳಿತಿದ್ದ. ವಿವೆಕ್ ತನ್ನ ಉಡುಪನ್ನು ಕಳಚಿಟ್ಟು, ಆ ಪ್ರಾಣಿಯ ಜಾಗದಲ್ಲಿ ತಾನೇ ಹೆಗಲು ಕೊಟ್ಟು ದುಡಿದ. ಆ ಹೊಲದ ಬಳಿ ಇಂದಿಗೂ ವಿನಯದ ಹೆಸರಿನ ಗುಡಿಯಿದೆ. ಯಾತ್ರಿಕರು ಅಲ್ಲಿ ಅರ್ಪಿಸುವುದು ಚಿನ್ನವನ್ನಲ್ಲ, ರೈತ ಬೆಳೆದ ಆ ಬೆಳೆಯನ್ನೇ. ಇನ್ನೊಂದು ಗುಡಿಗೆ ದಾರಿಯಲ್ಲಿ ಯಾರೊಡನೆಯೂ ಮಾತನಾಡದೆ ಹೋಗಬೇಕು. ಕೆಂಪು ಬೆಟ್ಟದಿಂದ ಬರುವ ವ್ಯಾಧಿಯನ್ನು ತಡೆಯಲು ಬೆಟ್ಟದ ಸುತ್ತ ದೇವಾಲಯ ಎತ್ತಿರುವ ಮಂತ್ರದ ಬೇಲಿಗೆ ಬಲ ಕೊಡುವುದು ಪೂರ್ವಿಕರ ಆತ್ಮಗಳು. ಪವಾಡಗಳು ನಿಜ, ರಕ್ಷಣೆಯೂ ನಿಜ.

ಹಾಗೆಯೇ ಸೆರೆಮನೆಯೂ ನಿಜ. ಆಕಾಶದಿಂದ ಬೀಳುತ್ತಿದ್ದ ಬಂಡೆಯೊಂದನ್ನು ವಿವೆಕ್ ತನ್ನ ನಗರದ ಮೇಲೆ ನಡುವಾನಿನಲ್ಲೇ ನಿಲ್ಲಿಸಿದ್ದಾನೆ. ಜನರ ಪ್ರೀತಿ ಬತ್ತಿದ ದಿನ ಅದು ಬೀಳುತ್ತದೆ ಎಂಬುದು ನಂಬಿಕೆ. ಅದೇ ಬಂಡೆಯನ್ನು ಕೊರೆದು ದೇವಾಲಯ ಭಿನ್ನಮತೀಯರಿಗೆ ಬಂದೀಖಾನೆ ಮಾಡಿದೆ. ಅದಕ್ಕೆ ಇಟ್ಟ ಹೆಸರು ‘ಸತ್ಯದ ಸಚಿವಾಲಯ’. ಪ್ರೀತಿಸಿ, ಇಲ್ಲವಾದರೆ ಬಂಡೆ ಬೀಳುತ್ತದೆ ಎನ್ನುವ ದೇವರನ್ನು ನಾನು ಗೌರವಿಸಬಲ್ಲೆ, ನಂಬಲಾರೆ.

ಈ ಬಂದೀಖಾನೆಗೆ ಅಂಜಿ ತಲೆಮರೆಸಿಕೊಂಡ ಅರ್ಚಕರ ಗುಂಪೊಂದಿದೆ. ಅವರು ನಾಸ್ತಿಕರಲ್ಲ, ಬಂಡುಕೋರರೂ ಅಲ್ಲ. ಮೂವರ ಸೇವೆಯನ್ನು ಅಲ್ಲಗಳೆಯುವವರೂ ಅಲ್ಲ. ದೇವಾಲಯದಲ್ಲಿ ಜನರಿಗೆ ಕೊಡುವ ಗ್ರಂಥಗಳು ಒಂದು ಬಗೆ, ಒಳಗಿನವರಷ್ಟೇ ಓದಬಹುದಾದ ಗುಪ್ತ ಗ್ರಂಥಗಳು ಇನ್ನೊಂದು ಬಗೆ. ದನಗಾಹಿಗಳು ಹೇಳುವ ಕೊಲೆಯ ಕಥೆಯನ್ನು ದೇವಾಲಯವೇ ಬರೆದಿಟ್ಟುಕೊಂಡು ಬೀಗ ಹಾಕಿದೆ! ಆ ಬೀಗ ತೆಗೆಯಿರಿ, ವಿಚಾರಣಾಧಿಕಾರಿಗಳ ಹಿಂಸೆ ನಿಲ್ಲಿಸಿ ಎಂಬುದು ಈ ಅರ್ಚಕರ ಮುಖ್ಯ ಬೇಡಿಕೆ. ನಮ್ಮ ಸಂಘಸಂಸ್ಥೆಗಳ ಸ್ಮರಣ ಸಂಚಿಕೆಗಳನ್ನು ಓದಿದವರಿಗೆ ಗೊತ್ತು: ಅವುಗಳಲ್ಲಿ ಸ್ಥಾಪಕರು ಎಂದೂ ಜಗಳವಾಡಿದವರಲ್ಲ, ಯಾರೂ ಮುನಿದು ಹೊರನಡೆದವರಲ್ಲ. ನಡಾವಳಿ ಪುಸ್ತಕ ಮಾತ್ರ ಕಪಾಟಿನಲ್ಲಿರುತ್ತದೆ.

ಅತ್ಯಂತ ಸೋಜಿಗದ ಸಂಗತಿಯೆಂದರೆ, ಬೀಗದ ಕೈಯನ್ನು ದೇವರೇ ಬಿಟ್ಟುಹೋಗಿದ್ದಾನೆ. ವಿವೆಕನ ಹೆಸರಿನಲ್ಲಿ ೩೬ ಉಪದೇಶಗಳಿವೆ. ಮೈಕೇಲ್ ಕಿರ್ಕ್‌ಬ್ರೈಡ್ ಎಂಬ ಲೇಖಕ ಬರೆದದ್ದು. ಬೆಡಗಿನ ಭಾಷೆಯ, ಮೊದಲ ಓದಿಗೆ ದಕ್ಕದ ಗದ್ಯ. ಅದರ ೨೯ನೆಯ ಉಪದೇಶದ ಅಂಕಿಗಳನ್ನು ಹಿಡಿದು ೩೬ನೆಯ ಉಪದೇಶದ ಪದಗಳನ್ನು ಎಣಿಸುತ್ತ ಆರಿಸಿದರೆ ತಪ್ಪೊಪ್ಪಿಗೆಯೊಂದು ಹೊರಬೀಳುತ್ತದೆ: ತಾನು ಹುಟ್ಟಿನಿಂದ ದೇವರಲ್ಲ, ದೈವತ್ವ ಕದ್ದದ್ದು, ಒಡೆಯನ ಕೊಲೆ ತಾನೇ ಆಯ್ದ ದಾರಿ ಎಂದು. ಎದುರು ನಿಂತು ಕೇಳಿದರೆ ಅದೇ ವಿವೆಕ್ ಕೊಲೆಯನ್ನು ನಿರಾಕರಿಸುತ್ತಾನೆ. ಹೇಳಲಾರದ್ದನ್ನು ಬರೆದ, ಬರೆದದ್ದನ್ನು ಬಚ್ಚಿಟ್ಟ.

ಆಟಗಾರನ ಪಾತ್ರವೂ ಗಮನಾರ್ಹ. ಅವನು ಹಡಗಿನಿಂದ ಇಳಿಯುವ ಬಿಡುಗಡೆಯಾದ ಕೈದಿ. ಡನ್ಮರರು ಅವನನ್ನು ‘ಹೊರನಾಡಿಗ’ ಎಂದು ಮೂದಲಿಸುತ್ತಾರೆ, ತಾವೂ ಒಮ್ಮೆ ನಡೆದು ಬಂದವರೆಂಬುದನ್ನು ಮರೆತು. ನೆರೆವಾರ್ ಮರಳಿ ಹುಟ್ಟುವುದು ಹೊರನಾಡಿಗನಾಗಿಯೇ ಎಂದು ದನಗಾಹಿಗಳ ಭವಿಷ್ಯವಾಣಿ ಹೇಳುತ್ತದೆ.

೨೦೧೧ರ ‘ಸ್ಕೈರಿಮ್’ ಆಟದ ಹೊತ್ತಿಗೆ ಕಾಲ ಬದಲಾಗಿದೆ. ಮೂವರೂ ಇಲ್ಲವಾಗಿದ್ದಾರೆ, ಬಂಡೆ ಬಿದ್ದಿದೆ, ಬೆಟ್ಟ ಸಿಡಿದಿದೆ. ಓಡಿಬಂದ ಡನ್ಮರರು ವಿಂಡ್‌ಹೆಲ್ಮ್ ನಗರದ ಕೊಳಕು ಕೇರಿಯಲ್ಲಿದ್ದಾರೆ. ಊರಿನೊಳಗೆ ಕಾಲಿಟ್ಟೊಡನೆ ಕಾಣುವುದು ಸ್ಥಳೀಯರಿಬ್ಬರು ಡನ್ಮರ್ ಹೆಂಗಸೊಬ್ಬಳನ್ನು ಗದರಿಸುತ್ತಿರುವ ದೃಶ್ಯ. ೧೯೬೦ರ ದಶಕದ ಮುಂಬಯಿಯನ್ನು ಬಲ್ಲ ಹಿರಿಯರಿಗೆ ಅದನ್ನು ನಾನು ವರ್ಣಿಸಬೇಕಾಗಿಲ್ಲ. ಈಗ ಗೆದ್ದಿರುವುದು ಭಿನ್ನಮತೀಯರ ಪಂಥ. ಅಜುರಾ ಮೊದಲಾದವರು ಗುಡಿಗೆ ಮರಳಿದ್ದಾರೆ. ಆ ಮೂವರನ್ನು ಈಗ ಸುಳ್ಳು ದೇವರೆಂದು ಕರೆಯಲಾಗುತ್ತದೆ. ಕುಮ್ಮು ಹೊಲದಲ್ಲಿ ದುಡಿದವನನ್ನು ಇನ್ನೂ ಪ್ರೀತಿಸುವ ಮುದುಕಿಯೊಬ್ಬಳು ಆ ಹೊಸ ಗುಡಿಯ ಬಾಗಿಲಿಗೆ ಬಂದರೆ ಅರ್ಚಕರು ಅವಳನ್ನು ಒಳಗೆ ಬಿಡುತ್ತಾರೆಯೇ? ಈ ಆಟಗಳನ್ನು ಪೂರ್ತಿ ಆಡಿದ ತರುಣರು ಸಭೆಯಲ್ಲಿದ್ದಾರೆ. ಈ ಪ್ರಶ್ನೆಯಿಂದಲೇ ಚರ್ಚೆ ಆರಂಭಿಸಬೇಕೆಂದು ಅವರನ್ನು ಕೇಳಿಕೊಳ್ಳುತ್ತೇನೆ.